ಬಸದಿಯ ಮಗ್ಗುಲಲ್ಲೊಂದು ಮರದ ಮಂಟಪ
(ಪ್ರತಿಷ್ಠಾ ಮಹೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿಷ್ಠೆ ನೆರವೇರಿದೊಡನೆ ಶಾಸ್ತ್ರಸ್ವಾಧ್ಯಾಯಕ್ಕೊಂದು ಚಿಕ್ಕ ಕಟ್ಟಡ ಬೇಕೆಂಬ ಮಾತು ಏಳುವುದು ಸಹಜ. ಕಾಂಕ್ರೀಟಿನಲ್ಲಿ ಕಟ್ಟಿ ಮೇಲೊಂದು ಸಿಮೆಂಟಿನ ಶಿಖರವಿಡುವುದು ಸುಲಭ. ಅದು ಪ್ರಾಚೀನ ಶಿಲ್ಪದ ಅಣಕವಾದೀತೇ ಹೊರತು ಗೌರವವಾಗದು. ಮರದಲ್ಲಿ ಕಟ್ಟೋಣವೆಂಬುದು ನನ್ನ ವಿಜ್ಞಾಪನೆ.

ಮರ ನಮಗೆ ಹೊಸತಲ್ಲ. ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ (1430) ಕಲ್ಲಿನ ಅಂತಸ್ತಿನ ಮೇಲೆ ಮರದ ಕೆಲಸವೇರಿದೆ. ಶಿವಮೊಗ್ಗದಲ್ಲಿಯೇ, ಶಿವಪ್ಪನಾಯಕನ ಅರಮನೆಯೆಂದು ಹೆಸರಾದ ಕಟ್ಟಡವನ್ನು ಹೊತ್ತಿರುವುವು ಮರದ ಕಂಬಗಳು.

ಆದರೆ ಶ್ರಾವಕನಿಗೆ ಇಲ್ಲೊಂದು ಸಂಕೋಚವುಂಟು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರ ‘ಸಾಗಾರಧರ್ಮಾಮೃತ’ದಲ್ಲಿ ಬರುವ ಹದಿನೈದು ಖರಕರ್ಮಗಳ ಪಟ್ಟಿಯಲ್ಲಿ ಮರ ಕಡಿಸಿ ಮಾರುವ ವನಜೀವಿಕೆಯೂ ಇದ್ದಿಲು ಸುಡುವಂಥ ಅಗ್ನಿಜೀವಿಕೆಯೂ ಸೇರಿವೆ. ಇಂಥ ಕರ್ಮಗಳು ಅಗಣಿತವಾದ್ದರಿಂದ ಪಟ್ಟಿಯೇ ಸಾಲದೆಂದೂ ಅವರು ಹೇಳುತ್ತಾರೆ. ಭದ್ರಾವತಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಅಲ್ಲಿಯ ಕಬ್ಬಿಣದ ಕಾರ್ಖಾನೆಯ ಕುಲುಮೆ ಮೊದಲು ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಆ ಕಬ್ಬಿಣದಿಂದ ಅನ್ನ ಕಂಡ ಮನೆಗಳು ಎಷ್ಟೋ. ನಾನು ಅದನ್ನು ಹಳಿಯಲಾರೆ. ಆದರೂ ಸ್ವಾಧ್ಯಾಯಕ್ಕೆಂದು ಹಸಿಮರಕ್ಕೆ ಕೊಡಲಿಯಿಡುವುದು ನಮಗೆ ಸಲ್ಲದು.

ಕೆಡವಿದ ಹಳೆಯ ಮನೆಗಳ ತೊಲೆ, ಕಂಬಗಳನ್ನೇ ಆರಿಸಿ ತರೋಣ. ಸಿಕ್ಕ ತೊಲೆಯ ಉದ್ದವೇ ಮಂಟಪದ ಅಗಲವನ್ನು ನಿರ್ಣಯಿಸಲಿ. ಹತ್ತು ಜನ ಕುಳಿತು ಓದುವಷ್ಟಾದರೆ ಸಾಕು. ಸೂರು ಬಸದಿಯ ಸೂರಿಗಿಂತ ತಗ್ಗಿರಬೇಕು; ಹಳೆಯ ಗೋಡೆಗೆ ಆತುಕೊಳ್ಳದೆ ದೂರ ನಿಲ್ಲಬೇಕು. ಕೆತ್ತನೆ ಬೇಡ. ನೇರವಾದ ಕಂಬ, ಮರದ ಗೂಟದಿಂದ ಬಿಗಿದ ಸಂದು, ಹಂಚಿನ ಮಾಡು. ನಾಳೆ ಬೇಡವಾದರೆ ಬಿಚ್ಚಿ ತೆಗೆಯುವಂತಿರಲಿ. ಇಂಥದರಲ್ಲಿ ದಾನಿಗಳ ನಾಮಫಲಕಕ್ಕೆ ಸ್ಥಳ ಉಳಿಯದು, ಮಹನೀಯರು ಕ್ಷಮಿಸಬೇಕು.

ಗೆದ್ದಲಿನ ಮಾತು ಬರುತ್ತದೆ. ಅಡಿಪಾಯದ ಮಣ್ಣಿಗೆ ವಿಷ ಸುರಿಯುವುದು ರೂಢಿ. ಜಿನಾಲಯದ ಅಂಗಳದಲ್ಲಿ ಅದು ಹೇಗೆ ಒಪ್ಪೀತು? ಪ್ರತಿಯೊಂದು ಕಂಬವನ್ನೂ ಮೊಣಕಾಲೆತ್ತರದ ಕಲ್ಲಿನ ಮೇಲೆ ನಿಲ್ಲಿಸಿ, ಸೂರನ್ನು ಮುಂಚಾಚಿ ಮಳೆನೀರು ತಗುಲದಂತೆ ಮಾಡಿದರೆ ಮರ ಒಣಗಿರುತ್ತದೆ. ಗೆದ್ದಲು ಕಲ್ಲನ್ನೇರಿ ಬಂದರೂ ಅದರ ಮಣ್ಣಿನ ದಾರಿ ಕಣ್ಣಿಗೆ ಬೀಳುತ್ತದೆ. ಅದನ್ನು ನೋಡುವ ಕಣ್ಣು ಮಾತ್ರ ಸಮಾಜದ್ದಾಗಿರಬೇಕು. ವರ್ಷಕ್ಕೆರಡು ಬಾರಿ, ಮಳೆಗಾಲಕ್ಕೆ ಮುಂಚೆ ಮತ್ತು ಅನಂತರ, ಯಾರು ನೋಡುವರೆಂಬುದನ್ನು ಕೆಲಸಕ್ಕೆ ತೊಡಗುವ ಮೊದಲೇ ಈ ಸಭೆ ಗೊತ್ತುಮಾಡಬೇಕೆಂದು ಕೋರುತ್ತೇನೆ.

ಜಯ ಜಿನೇಂದ್ರ.