ಮಹಾಮಾರಿಯ ಕಾಲದಲ್ಲಿ ಬಸುರಿ, ಬಾಣಂತಿ, ಕೂಸು



ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರು. ಅಲ್ಲಿ ತುಂಗಭದ್ರೆಯ ಸೇತುವೆ ದಾಟಿದರೆ ಹಾವೇರಿ ಜಿಲ್ಲೆ, ಇನ್ನಷ್ಟು ಮುಂದೆ ರಾಣೇಬೆನ್ನೂರು. 1956ಕ್ಕೆ ಮುಂಚೆ ಈ ಹೊಳೆ ಮೈಸೂರು ರಾಜ್ಯಕ್ಕೂ ಮುಂಬಯಿ ರಾಜ್ಯಕ್ಕೂ ಗಡಿ. ಆಗಲೂ ಎರಡು ದಡಗಳ ನಡುವೆ ಹೆಣ್ಣು ಕೊಟ್ಟು ತರುವುದು ನಿಂತಿರಲಿಲ್ಲ.

ಆಚೆ ದಡದಿಂದ ಹರಿಹರಕ್ಕೆ ಬಂದ ಒಬ್ಬ ಸೊಸೆಯನ್ನು ಊಹಿಸಿಕೊಳ್ಳಿ. 2020ರ ಮಾರ್ಚ್ ತಿಂಗಳು, ಅವಳಿಗೆ ಏಳು ತುಂಬಿದೆ. ಚೊಚ್ಚಲ ಹೆರಿಗೆ. ಕುಬಸ ಮಾಡಿ ತವರಿಗೆ ಕಳಿಸಬೇಕು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಲಾಕ್‌ಡೌನ್. ಬಸ್ಸಿಲ್ಲ, ರೈಲಿಲ್ಲ, ಜಿಲ್ಲೆ ದಾಟಲು ಪಾಸು ಬೇಕು. ತುರ್ತು ಚಿಕಿತ್ಸೆಗೆ ವಿನಾಯಿತಿ ಇತ್ತು, ನಿಜ. ಆದರೆ ತಾಯಿಯ ಮನೆಗೆ ಹೋಗಬೇಕೆಂಬುದು ಯಾವ ಅರ್ಜಿಯಲ್ಲಿ ತುರ್ತೆಂದು ಬರೆಯಲು ಬರುತ್ತದೆ? ಕೊರೋನಾ ವೈರಸ್ ಅವಳ ಓಣಿಗೆ ಕಾಲಿಟ್ಟಿರಲಿಲ್ಲ. ಮಹಾಮಾರಿ ಮಾತ್ರ ಅವಳ ಮನೆಯೊಳಗೆ ಬಂದಾಗಿತ್ತು.

ಈಗ ದೇಹದ ಮಾತಿಗೆ ಬರೋಣ. ಗರ್ಭ ಬೆಳೆದಂತೆ ಹೊಟ್ಟೆಯು ವಪೆಯನ್ನು ಮೇಲಕ್ಕೆ ಒತ್ತುತ್ತದೆ. ಶ್ವಾಸಕೋಶ ಹಿಗ್ಗಲು ಜಾಗ ಕಡಿಮೆ. ಅದೇ ಹೊತ್ತಿಗೆ ಆಮ್ಲಜನಕದ ಬೇಡಿಕೆ ಶೇಕಡಾ 20ರಷ್ಟು ಹೆಚ್ಚಿರುತ್ತದೆ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋಗದಿರಲೆಂದು ಪ್ರಕೃತಿಯೇ ರಕ್ತಕ್ಕೆ ಬೇಗ ಹೆಪ್ಪುಗಟ್ಟುವ ಗುಣ ಕೊಟ್ಟಿರುತ್ತದೆ. ಕೋವಿಡ್ ಕೈಹಾಕಿದ್ದು ಇವಕ್ಕೇ, ಉಸಿರಿಗೆ ಮತ್ತು ರಕ್ತದ ಹೆಪ್ಪಿಗೆ. 18 ದೇಶಗಳ ಸುಮಾರು 2,100 ಗರ್ಭಿಣಿಯರನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವು, ಸೋಂಕು ತಗುಲಿದವರಲ್ಲಿ ರಕ್ತದೊತ್ತಡದ ತೊಂದರೆ, ದಿನ ತುಂಬದ ಹೆರಿಗೆ, ಸಾವು ಎಲ್ಲವೂ ಹೆಚ್ಚೆಂದು ತೋರಿಸಿತು.

ಇದು ಹೊಸತೇನಲ್ಲ. ದಾವಣಗೆರೆ, ಹರಿಹರಗಳು ಚಿತ್ರದುರ್ಗ ಜಿಲ್ಲೆಯಲ್ಲಿದ್ದ 1918ರಲ್ಲಿ ಇನ್‌ಫ್ಲುಯೆಂಜಾ ಬಂದಾಗಲೂ ಹರೆಯದವರೇ ಹೆಚ್ಚು ಸತ್ತರು. ಬಸುರಿಯರಿಗೆ ಅಪಾಯ ಇನ್ನೂ ಹೆಚ್ಚು. ಮರುವರ್ಷ ದೇಶದಲ್ಲಿ ಹುಟ್ಟುಗಳೇ ಇಳಿದವು. 1921ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ ತಗ್ಗಿದ್ದನ್ನು ನೀವು ಭೂಗೋಳದಲ್ಲಿ ಓದಿರುತ್ತೀರಿ. ಆ ಅಂಕಿಯ ಹಿಂದೆ ಎಷ್ಟೋ ಖಾಲಿ ತೊಟ್ಟಿಲುಗಳಿವೆ.

1918ರಲ್ಲಿ ಲಸಿಕೆಯಿರಲಿಲ್ಲ. ನಮಗೆ 2021ರ ಜನವರಿ 16ರಿಂದ ಇತ್ತು. ಆದರೆ ಮೊದಲ ಪ್ರಯೋಗಗಳಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡಿರಲಿಲ್ಲ. ಹಾಗಾಗಿ ಅವರಿಗೆ ಅನುಮತಿ ಸಿಕ್ಕಿದ್ದು ಜುಲೈ 2ರಂದು, ಭೀಕರವಾದ ಎರಡನೇ ಅಲೆ ಇಳಿದ ಮೇಲೆ. ಎಚ್ಚರಿಕೆ ಒಳ್ಳೆಯದೇ. ಆದರೆ ಹೆಚ್ಚು ಅಪಾಯದಲ್ಲಿದ್ದವರನ್ನು ಪ್ರಯೋಗದಿಂದ ಹೊರಗಿಟ್ಟು, ಆಮೇಲೆ ಅವರ ಬಗ್ಗೆ ಮಾಹಿತಿಯಿಲ್ಲ ಎನ್ನುವುದು ವಿಜ್ಞಾನ ಓದಿದ ನನಗಂತೂ ಒಪ್ಪುವುದಿಲ್ಲ.

ಹರಿಹರದ ಆ ಸೊಸೆಗೆ ಇನ್ನೊಂದು ಅಪಾಯವಿತ್ತು, ಸೋಂಕಿಲ್ಲದೆಯೂ ಬರುವಂಥದ್ದು. ಗರ್ಭಿಣಿಯ ರಕ್ತದೊತ್ತಡ ನೋವಿಲ್ಲದೆ ಏರುತ್ತದೆ. ಪಟ್ಟಿ ಕಟ್ಟಿ ಅಳೆದರಷ್ಟೇ ಗೊತ್ತಾಗುವುದು. ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೋಗಿ ಬರಲು ಬಸ್ಸಿಲ್ಲ, ಹೋದರೆ ಸೋಂಕು ತಗುಲೀತೆಂಬ ಹೆದರಿಕೆ. ಹೀಗೆ ತಪ್ಪಿಹೋದ ತಪಾಸಣೆಗಳೂ ಮಹಾಮಾರಿಯ ಲೆಕ್ಕಕ್ಕೇ ಸೇರಬೇಕು. ಆ ದಿನಗಳಲ್ಲಿ ತಾಯಿ ಕಾರ್ಡ್ ಹಿಡಿದು ಮನೆಮನೆಗೆ ನಡೆದವರು ಆಶಾ ಕಾರ್ಯಕರ್ತೆಯರು.

ಹೆರಿಗೆಯಾಯಿತು. ಕೂಸನ್ನು ಅಮ್ಮನಿಂದ ದೂರವಿಡಬೇಕೇ? ಬೇಡ ಎಂದೇ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಸೋಂಕಿದ್ದರೂ ಕೈ ತೊಳೆದು, ಮಾಸ್ಕ್ ಹಾಕಿಕೊಂಡು ತಾಯಿ ಮೊಲೆಯುಣಿಸಬಹುದು. ಎದೆಹಾಲಿನ ಮೂಲಕ ಸೋಂಕು ಹರಡುವುದಕ್ಕೆ ಪುರಾವೆ ಸಿಗಲಿಲ್ಲ. ನಮ್ಮ ಅಜ್ಜಿಯರ ಬಾಣಂತನದಲ್ಲಿ ಇಲ್ಲಿ ಒಂದು ಸರಿ, ಒಂದು ತಪ್ಪು. ಪುರುಡಿನ ದಿನಗಳಲ್ಲಿ ಹೊರಗಿನವರನ್ನು ಕೂಸಿನ ಬಳಿ ಬಿಡದಿರುವುದು ಸರಿ. ಕಿಟಕಿ ಮುಚ್ಚಿ, ಕೆಂಡದ ಮೇಲೆ ಲೋಬಾನ ಹಾಕಿ, ಹೊಗೆ ತುಂಬಿದ ಕೋಣೆಯಲ್ಲಿ ಬಾಣಂತಿಯನ್ನು ಮಲಗಿಸುವುದು ತಪ್ಪು. ಗಾಳಿಯಲ್ಲಿ ಹರಡುವ ರೋಗಕ್ಕೆ ಮುಚ್ಚಿದ ಕೋಣೆಗಿಂತ ಅನುಕೂಲ ಬೇರೆ ಬೇಕೇ? "ಅಜ್ಜೀ, ಕಿಟಕಿ ತೆಗೀತೀನಿ, ಕೂಸಿಗೆ ಬೆಚ್ಚಗೆ ಹೊದಿಸು" ಎಂದು ಹೇಳಿ ನೋಡಿ. ಹೊದಿಸುವ ಕೆಲಸ ಸಿಕ್ಕಿದರೆ ಅಜ್ಜಿ ಜಗಳವಾಡುವುದಿಲ್ಲ.

ಇನ್ನು ಎಳೆಯ ಮಕ್ಕಳು. ಮುಚ್ಚಿದ ಅಂಗನವಾಡಿಗಳು ನಮ್ಮ ರಾಜ್ಯದಲ್ಲಿ ಮತ್ತೆ ತೆರೆದದ್ದು 2021ರ ನವೆಂಬರ್ 8ರಂದು. ರೇಷನ್ ಮನೆಗೆ ತಲುಪಿಸಬಹುದು. ಜೊತೆಗೆ ಆಡುವ ಮಕ್ಕಳನ್ನು ತಲುಪಿಸಲಾಗದು. ಮುಚ್ಚುವಾಗ ಮೂರು ವರ್ಷವಾಗಿದ್ದ ಮಗು ತೆರೆಯುವಾಗ ಐದರ ಹತ್ತಿರ. ಮಗು ಮಾತು ಕಲಿಯುವುದು ಕಿವಿಯಿಂದಷ್ಟೇ ಅಲ್ಲ, ಎದುರಿಗಿರುವವರ ತುಟಿ ನೋಡಿಯೂ. ಹೊರಗೆ ಎಲ್ಲರ ತುಟಿಗೂ ಮುಸುಕಿತ್ತು. ತೆರೆದ ಬಾಯಿ ಕಾಣುತ್ತಿದ್ದದ್ದು ಮನೆಯಲ್ಲಿ. ಅಲ್ಲಿ ಕೆಲಸ ಕಳೆದುಕೊಂಡ ಅಪ್ಪ, ದಣಿದ ಅಮ್ಮ, ಕೈಗೊಂದು ಮೊಬೈಲು. ಶಾಲೆಯಿಲ್ಲದೆ ಮನೆಯಲ್ಲಿದ್ದ ಅಕ್ಕ ಅಣ್ಣಂದಿರು ಎಷ್ಟೋ ಕಡೆ ಆ ಮಕ್ಕಳ ಅಂಗನವಾಡಿಯಾದರು. ನಿಮ್ಮಲ್ಲೂ ಕೆಲವರು ಆಗಿದ್ದಿರಬೇಕು.

ನಿಮ್ಮ ಮನೆಯಲ್ಲಿ ಚಿಕ್ಕ ಮಗುವಿದ್ದರೆ ಇಂದು ಅದರ ತಾಯಿ ಕಾರ್ಡ್ ತೆಗೆದು ಓದಿ. ಹುಟ್ಟಿದಾಗ, 6, 10, 14ನೇ ವಾರಗಳಲ್ಲಿ, 9 ತಿಂಗಳಿಗೆ, ಮತ್ತೆ 16ರಿಂದ 24 ತಿಂಗಳೊಳಗೆ ಹಾಕಿಸುವ ಲಸಿಕೆಗಳ ಮನೆಗಳು ಅದರಲ್ಲಿವೆ. ಯಾವುದಾದರೂ ಖಾಲಿಯಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ತಡವಾದರೂ ಹಾಕಿಸಬಹುದಾದ ಲಸಿಕೆ ಯಾವುದೆಂದು ಅವರು ಹೇಳುತ್ತಾರೆ.