ಕಡಲ ತಡಿಯ ಬೇಸಗೆ



ಬೇಸಗೆಯ ಎರಡು ತಿಂಗಳು ಮಂಗಳೂರಿನ ಸಂಸಾರಗಳಲ್ಲಿ ಹೇಗೆ ಕಳೆಯುತ್ತವೆ ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತುಗಳನ್ನು ಅರಿಕೆ ಮಾಡಬೇಕೆಂದಿದ್ದೇವೆ. ಈ ವಿಷಯವನ್ನೆತ್ತಿದೊಡನೆಯೇ ಘಟ್ಟದ ಮೇಲಿನ ನಮ್ಮ ಸ್ನೇಹಿತರು ನಗುವುದುಂಟು. "ಬೆವರು ಒರಸಿಕೊಳ್ಳುವುದರಲ್ಲಿ ಕಳೆಯುತ್ತವೆ, ಮತ್ತೇನು?" ಎಂಬುದು ಅವರ ಉತ್ತರ. ಅದು ಪೂರ್ತಿ ಸುಳ್ಳೂ ಅಲ್ಲ. ನಮ್ಮಲ್ಲಿಯ ಬಿಸಿಲು ರಾಯಚೂರಿನ ಬಿಸಿಲಿನಷ್ಟು ಉಗ್ರವಲ್ಲದಿದ್ದರೂ, ಗಾಳಿಯಲ್ಲಿ ನೀರಿನ ಅಂಶ ತುಂಬಿರುವುದರಿಂದ ಮೈಯ ಬೆವರು ಆರುವುದಿಲ್ಲ. ಬೆಳಗ್ಗೆ ಉಟ್ಟ ಬಟ್ಟೆ ಹತ್ತು ಗಂಟೆಗೆ ಮೈಗೆ ಅಂಟಿಕೊಂಡಿರುತ್ತದೆ. ಆದರೂ ಈ ಎರಡು ತಿಂಗಳೇ ನಮ್ಮ ಊರಿನ ಮಕ್ಕಳಿಗೆ ವರ್ಷದ ಅತ್ಯಂತ ಪ್ರಿಯವಾದ ಕಾಲವೆಂಬುದರಲ್ಲಿ ಸಂದೇಹವಿಲ್ಲ. ಅದಕ್ಕೆ ಕಾರಣ ಶಾಲೆಯ ಬಿಡುವು ಮಾತ್ರವಲ್ಲವೆಂದು ನಮ್ಮ ನಂಬಿಕೆ.

ಮೊದಲು ಗಾಳಿಯ ವಿಷಯ. ನೆಲ ಬೇಗನೆ ಕಾಯುತ್ತದೆ, ಬೇಗನೆ ಆರುತ್ತದೆ. ಕಡಲು ಎರಡನ್ನೂ ನಿಧಾನವಾಗಿ ಮಾಡುತ್ತದೆ. ನಡುಹಗಲಿನ ಹೊತ್ತಿಗೆ ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇಳಲು, ಅದರ ಸ್ಥಾನವನ್ನು ತುಂಬುವುದಕ್ಕೆ ಕಡಲಿನ ಮೇಲಿಂದ ತಂಪಾದ ಗಾಳಿ ಒಳನಾಡಿನ ಕಡೆಗೆ ಬೀಸುತ್ತದೆ. ರಾತ್ರಿ ಇದರ ವಿಪರ್ಯಾಸ. ಶಾಸ್ತ್ರಜ್ಞರು ಹೇಳುವ ಈ ನಿಯಮವನ್ನು ಓದದ ಗೃಹಿಣಿಯೂ ಪಡುವಣದ ಕಿಟಕಿಯನ್ನು ಯಾವ ಗಳಿಗೆಯಲ್ಲಿ ತೆರೆಯಬೇಕೆಂಬುದನ್ನು ಚೆನ್ನಾಗಿ ಬಲ್ಲಳು. ಸಂಜೆ ಊರಿಗೆ ಊರೇ ಕಡಲ ಕಡೆಗೆ ಮುಖ ಮಾಡುವುದಕ್ಕೆ ಈ ಗಾಳಿಯೇ ಕಾರಣ.

ನಮ್ಮ ಬೇಸಗೆಗೆ ಎರಡು ಗಡಿಕಲ್ಲುಗಳಿವೆ. ಒಂದು ಬಿಸು, ಇನ್ನೊಂದು ಪತ್ತನಾಜೆ. ಏಪ್ರಿಲ್ ತಿಂಗಳ ನಡುವೆ ಬರುವ ಬಿಸು ತುಳುವರ ಸೌರಮಾನದ ವರ್ಷಾರಂಭ. ಹಿಂದಿನ ರಾತ್ರಿಯೇ ಮನೆಯ ಹಿರಿಯಳು ದೇವರ ಮುಂದೆ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಮಾವು, ಹಲಸು, ಗೇರು, ವೀಳ್ಯದೆಲೆ, ಚಿನ್ನ, ಕನ್ನಡಿ ಇವುಗಳನ್ನು ಓರಣವಾಗಿ ಇಟ್ಟಿರುತ್ತಾಳೆ. ಇದೇ ಕಣಿ. ಮುಂಜಾನೆ ಎದ್ದವರು ಮೊದಲು ಅದನ್ನು ಕಂಡು, ಬಳಿಕ ಹಿರಿಯರ ಕಾಲಿಗೆ ಎರಗಬೇಕು. ಮಧ್ಯಾಹ್ನದ ಊಟಕ್ಕೆ ತೊಂಡೆಕಾಯಿಯ ಜೊತೆಗೆ ಎಳೆಯ ಗೇರುಬೀಜ ಬೆರೆಸಿದ ಪಲ್ಯವಿದ್ದರೆ ಹಬ್ಬ ಪೂರ್ಣವಾಯಿತು. ಪೇಟೆಯಲ್ಲಿ ಗದ್ದೆಯಿಲ್ಲದವರೂ ಆ ದಿನ ನೆಲದ ಫಲವನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ.

ಬಿಸು ಮುಗಿಯಿತೆಂದರೆ ಅಂಗಳದ ಕೆಲಸ ಮೊದಲಾಯಿತು. ಘಟ್ಟದ ಮೇಲಿನವರು ಬೇಸಗೆಯನ್ನು ವಿಶ್ರಾಂತಿಯ ಕಾಲವೆಂದು ಎಣಿಸಬಹುದು. ಕರಾವಳಿಯವರಿಗೆ ಅದು ಮಳೆಗಾಲದ ಸಿದ್ಧತೆಯ ಕಾಲ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು ಇದು. ಅದರ ಬಹುಭಾಗ ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಸುರಿದುಬಿಡುತ್ತದೆ. ಆಟಿಯ ತಿಂಗಳಲ್ಲಿ ಹೊರಗೆ ಕಾಲಿಡಲಾಗದೆ, ತರಕಾರಿ ಸಿಕ್ಕದೆ, ಮನೆಮಂದಿ ಕುಳಿತಿರುತ್ತಿದ್ದ ದಿನಗಳನ್ನು ನೆನೆದು ನಮ್ಮ ಹಿರಿಯರು ಬಿಸಿಲನ್ನೇ ಕೂಡಿಡುವ ಉಪಾಯಗಳನ್ನು ಕಂಡುಹಿಡಿದರು. ಬೆಳೆದ ಹಲಸಿನಕಾಯಿಯ ಸೊಳೆಯನ್ನು ಬೇಯಿಸಿ, ಉಪ್ಪು ಮೆಣಸು ಸೇರಿಸಿ ಕುಟ್ಟಿ, ಹಪ್ಪಳ ಒತ್ತಿ ಚಾಪೆಯ ಮೇಲೆ ಒಣಗಿಸುವುದು. ಮಾವಿನಹಣ್ಣಿನ ರಸವನ್ನು ದಿನಕ್ಕೊಂದು ಪದರವಾಗಿ ಎರೆದು ಮಾಂಬಳ ಮಾಡುವುದು. ಸೊಳೆಯನ್ನೂ ಮಾವಿನಕಾಯಿಯನ್ನೂ ಉಪ್ಪುನೀರಿನ ಭರಣಿಯಲ್ಲಿ ಮುಳುಗಿಸಿಡುವುದು. ಹಲಸಿನಬೀಜವನ್ನು ಉಪ್ಪಿನಲ್ಲಿ ಬೇಯಿಸಿ ಕಲ್ಲಿನಂತೆ ಒಣಗಿಸಿ ಸಾಂತಾಣಿ ಮಾಡುವುದು. ಸೌತೆಕಾಯಿಗಳನ್ನು ಮಾಡಿನ ಪಕಾಸಿಗೆ ಸಾಲಾಗಿ ತೂಗುಹಾಕುವುದು. ಗಂಡಸರ ಪಾಲಿಗೆ ಸೌದೆ ಕೂಡಿಡುವುದೂ ಮಾಡಿನ ಹಂಚು ಕೈಯಾಡಿಸುವುದೂ ಇರುತ್ತಿದ್ದವು. ಮಂಗಳೂರು ಹಂಚಿಗೆ ಈ ಹೆಸರು ಬಂದುದು ಬಾಸೆಲ್ ಮಿಶನ್ನಿನವರು 1865ರಲ್ಲಿ ಇಲ್ಲಿ ಕಾರ್ಖಾನೆಯನ್ನು ತೆರೆದ ಮೇಲೆ ಎಂಬುದು ತಮಗೆ ತಿಳಿದಿರಬಹುದು.

ಮಕ್ಕಳ ಪಾಲಿಗೆ ಬಂದುದು ಕಾಗೆ ಕಾಯುವ ಉದ್ಯೋಗ. ಕೈಯಲ್ಲೊಂದು ಕೋಲು, ನೆರಳಿಗೊಂದು ಮಾವಿನಮರ. ಕಾಗೆ ತಿಂದುದಕ್ಕಿಂತ ಕಾವಲುಗಾರರು ತಿಂದುದೇ ಹೆಚ್ಚೆಂದು ನಮ್ಮ ದೊಡ್ಡಮ್ಮ ಹೇಳುತ್ತಿದ್ದರು. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಆ ಚಾಪೆಯ ಸುತ್ತ ಕುಳಿತು ನಾವು ಕೇಳಿದ ಕಥೆಗಳು, ಕಲಿತ ಒಗಟುಗಳು, ಅತ್ತೆ ಸೊಸೆಯರ ಜಗಳ ರಾಜಿಯಾದುದನ್ನು ಕಂಡುದು, ಇವೆಲ್ಲ ಯಾವ ಪಾಠಪುಸ್ತಕದಲ್ಲಿಯೂ ದೊರೆಯಲಿಲ್ಲ.

ಊರಿನಲ್ಲಿ ನೋಡತಕ್ಕ ಸ್ಥಳಗಳ ಪಟ್ಟಿಯನ್ನು ಓದಿ ತಮ್ಮನ್ನು ಆಯಾಸಗೊಳಿಸುವುದಿಲ್ಲ. ನೆಂಟರ ಮಕ್ಕಳು ಬಂದಾಗ ನಾವು ಕರೆದೊಯ್ಯುವ ಕ್ರಮವನ್ನಷ್ಟೇ ಹೇಳುತ್ತೇವೆ. ರೈಲಿನಲ್ಲಿ ಬಂದವರಾದರೆ ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವಣ 57 ಸುರಂಗಗಳನ್ನು ಎಣಿಸಿ, ಲೆಕ್ಕ ತಪ್ಪಿ ಜಗಳವಾಡಿಕೊಂಡೇ ಇಳಿದಿರುತ್ತಾರೆ. ಮೊದಲ ದಿನ ಕದ್ರಿ. ಅಲ್ಲಿಯ ಮಂಜುನಾಥ ದೇವಾಲಯದಲ್ಲಿರುವ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠದಲ್ಲಿ ಆಳುಪರ ಅರಸು ಕುಂದವರ್ಮನ ಶಾಸನವಿದೆ, ಕಾಲ ಕ್ರಿ.ಶ. 968. ಸಾವಿರ ವರ್ಷಕ್ಕೂ ಹಿಂದಿನ ಎರಕದ ಕೆಲಸವೆಂದರೆ ಹುಡುಗರೂ ಒಂದು ಗಳಿಗೆ ಸುಮ್ಮನಾಗುತ್ತಾರೆ. ಎರಡನೆಯ ದಿನ, 1880ರಲ್ಲಿ ಸ್ಥಾಪಿತವಾದ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರ. ಇಟಲಿಯಿಂದ ಬಂದ ಅಂತೋನಿಯೋ ಮೊಸ್ಕೇನಿ ಎಂಬ ಜೆಸುಯಿಟ್ ಸೋದರನು ಅದರ ಗೋಡೆಗಳನ್ನೂ ಮೇಲ್ಚಾವಣಿಯನ್ನೂ ಚಿತ್ರಗಳಿಂದ ತುಂಬಿದನು. ಕತ್ತು ನೋಯುವವರೆಗೆ ಮೇಲಕ್ಕೆ ನೋಡಿದ ಮಕ್ಕಳಿಗೆ ಹೊರಗೆ ಬಂದ ಮೇಲೆ ಒಂದು ಲೋಟ ಗಡ್‌ಬಡ್ ಐಸ್‌ಕ್ರೀಮ್ ಕೊಡಿಸುವುದು ಧರ್ಮ. ಮೂರನೆಯ ದಿನ ಪಿಲಿಕುಳ. ಅಲ್ಲಿ ಪ್ರಾಣಿಗಳನ್ನು ನೋಡಬಹುದು. 2018ರಲ್ಲಿ ತೆರೆದ ತಾರಾಲಯದ ತಂಪಿನಲ್ಲಿ ಕುಳಿತು ನಕ್ಷತ್ರಗಳನ್ನೂ ನೋಡಬಹುದು.

ನಾಲ್ಕನೆಯ ಸಂಜೆ ಕಡಲು. ಟಿಪ್ಪುವಿನ ಕಾಲದ ಕಪ್ಪುಕಲ್ಲಿನ ಕಾವಲು ಬುರುಜಾದ ಸುಲ್ತಾನ್ ಬತ್ತೇರಿಯ ಬಳಿ ದೋಣಿ ಹತ್ತಿ ಗುರುಪುರ ಹೊಳೆಯನ್ನು ದಾಟಿದರೆ ತಣ್ಣೀರುಬಾವಿ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮರಳಿನ ನಾಲಗೆ. ಇಲ್ಲಿ ನಾವು ಸ್ವಲ್ಪ ನಿಂತು ಮಾತನಾಡಬೇಕಾಗಿದೆ. ಏಕೆಂದರೆ ಬೇಸಗೆಯ ಬಿಡುವಿನಲ್ಲಿ ಘಟ್ಟದ ಮೇಲಿನಿಂದ ನಗುತ್ತ ಬಂದ ಸಂಸಾರಗಳು ಅಳುತ್ತ ಹಿಂತಿರುಗಿದ ಸಂದರ್ಭಗಳು ಈ ತೀರದಲ್ಲಿ ಕಡಿಮೆಯಲ್ಲ.

ನಮಗೆ ಹತ್ತು ಹನ್ನೊಂದು ವರ್ಷವಾಗಿದ್ದಾಗ, ಮೇ ತಿಂಗಳ ಕೊನೆಯ ವಾರದಲ್ಲಿ, ಚಿಕ್ಕಪ್ಪನ ಹಿರಿಯ ಮಗ ಬೆಂಗಳೂರಿನಿಂದ ಬಂದಿದ್ದನು. ಈಜುಕೊಳದಲ್ಲಿ ಪಳಗಿದವನು, ಧೈರ್ಯಶಾಲಿ. ಎಲ್ಲೆಡೆ ಅಲೆಗಳು ಬಿಳಿಯಾಗಿ ಒಡೆಯುತ್ತಿದ್ದಾಗ ನಡುವೆ ಒಂದು ಕಡೆ ಮಾತ್ರ ನೀರು ಸಮತಟ್ಟಾಗಿ ಕಾಣುತ್ತಿತ್ತು. ಇದೇ ಕ್ಷೇಮದ ಸ್ಥಳವೆಂದು ಭಾವಿಸಿ ಅವನು ಅಲ್ಲಿಗೇ ಇಳಿದನು. ನೋಡನೋಡುತ್ತಿದ್ದಂತೆ ಅವನ ತಲೆ ಚಿಕ್ಕದಾಗುತ್ತ ಹೋಯಿತು. ದಡದ ಮೇಲೆ ಬಲೆ ಹೆಣೆಯುತ್ತಿದ್ದ ಮೊಗವೀರ ಹಿರಿಯರೊಬ್ಬರು ಇಬ್ಬರು ಹುಡುಗರನ್ನು ಕೂಗಿ ಕರೆದು, ದೋಣಿಯನ್ನು ನೂಕಿ, ಅವನನ್ನು ಎಳೆದು ತಂದರು. ಅವರು ಬೈಯಲಿಲ್ಲ. "ಕಡಲಿಗೆ ಸಿಟ್ಟಿಲ್ಲ, ಮಗಾ. ಅದಕ್ಕೆ ಹಿಂದೆ ಹೋಗಲು ಒಂದು ದಾರಿ ಬೇಕು. ನೀನು ಆ ದಾರಿಯಲ್ಲಿ ನಿಂತದ್ದು," ಎಂದಷ್ಟೇ ಹೇಳಿದರು. ಆ ರಾತ್ರಿ ಚಿಕ್ಕಮ್ಮ ಊಟ ಮಾಡಲಿಲ್ಲ.

ಆ ಹಿರಿಯರ ಮಾತು ಅಕ್ಷರಶಃ ಸತ್ಯ. ಅಲೆಗಳು ದಡಕ್ಕೆ ತಂದು ಸುರಿದ ನೀರು ಇಕ್ಕಟ್ಟಾದ ಒಂದು ಕಾಲುವೆಯನ್ನು ಮಾಡಿಕೊಂಡು ಹಿಂದಕ್ಕೆ ಧಾವಿಸುತ್ತದೆ. ಅಲ್ಲಿ ಆಳ ಹೆಚ್ಚಾದುದರಿಂದ ಅಲೆ ಒಡೆಯುವುದಿಲ್ಲ. ಶಾಂತವಾಗಿ ಕಾಣುವ ನೀರೇ ಅತ್ಯಂತ ಅಪಾಯದ ನೀರು. ಅದರ ವೇಗ ನುರಿತ ಈಜುಗಾರನ ವೇಗವನ್ನೂ ಮೀರುವುದುಂಟು. ಸಿಕ್ಕಿಬಿದ್ದವನು ದಡದ ಕಡೆಗೆ ಸೆಣಸದೆ, ತೇಲುತ್ತ, ದಡಕ್ಕೆ ಸಮಾಂತರವಾಗಿ ಪಕ್ಕಕ್ಕೆ ಈಜಿ, ಸೆಳೆತದಿಂದ ಹೊರಬಂದ ಮೇಲೆ ದಡಕ್ಕೆ ತಿರುಗಬೇಕು. ಜೀವರಕ್ಷಕರಿರುವಲ್ಲಿ ಮಾತ್ರ ನೀರಿಗಿಳಿಯಬೇಕು. ಅವರು ಬೇಡವೆಂದರೆ ಮರಳಿನಲ್ಲಿ ಮನೆ ಕಟ್ಟಿ ಹಿಂತಿರುಗಬೇಕು. ಮುಂಗಾರು ಸಮೀಪಿಸಿದಂತೆ ಅಲೆಗಳು ಬಲಿಯುತ್ತವೆ. ಬಲ್ಲವರಿಗೆ ಅದೇ ಹಬ್ಬ: ನಗರದ ಉತ್ತರಕ್ಕೆ, ನಂದಿನಿ ಶಾಂಭವಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ, 2016ರ ಮೇ ತಿಂಗಳಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಎಂಬ ಅಲೆಯೇರುವ ಪಂದ್ಯ ಮೊದಲ ಬಾರಿಗೆ ನಡೆಯಿತು. ಹಲಗೆಯ ಮೇಲೆ ನಿಂತು ಬರುವ ತರುಣರನ್ನು ನೋಡಿ ಸಂತೋಷಪಡೋಣ. ಆದರೆ ಆ ವಿದ್ಯೆಗೆ ವರ್ಷಗಳ ಅಭ್ಯಾಸ ಬೇಕೆಂಬುದನ್ನು ನಮ್ಮ ಮಕ್ಕಳಿಗೆ ಹೇಳೋಣ.

ರಾತ್ರಿಯ ಮಾತನ್ನು ಹೇಳದಿದ್ದರೆ ಈ ಭಾಷಣ ಅಪೂರ್ಣವಾದೀತು. ಬೇಸಗೆಯ ರಾತ್ರಿಗಳು ಯಕ್ಷಗಾನದ ರಾತ್ರಿಗಳು. ಹರಕೆ ಹೊತ್ತ ಮನೆಯವರು ತಮ್ಮ ಖರ್ಚಿನಲ್ಲಿ ಆಟವನ್ನು ಆಡಿಸುತ್ತಾರೆ. ನೋಡುವುದಕ್ಕೆ ಯಾರು ಬಂದರೂ ಸರಿ, ಚೀಟಿಯಿಲ್ಲ. ದೇವೀಮಹಾತ್ಮೆಯ ಪ್ರಸಂಗವಾದರೆ, ಚಾಪೆಯ ಮೇಲೆ ನಿದ್ದೆಹೋದ ಮಕ್ಕಳನ್ನು ತಾಯಂದಿರು ಮಹಿಷಾಸುರನ ಪ್ರವೇಶಕ್ಕೆ ತಟ್ಟಿ ಎಬ್ಬಿಸುತ್ತಾರೆ. ದೀವಟಿಗೆಗೆ ರಾಳದ ಪುಡಿ ಎರಚಿದಾಗ ಎದ್ದ ಬೆಂಕಿಯ ನಡುವೆ, ಚೆಂಡೆಯ ಅಬ್ಬರದಲ್ಲಿ, ಪ್ರೇಕ್ಷಕರ ನಡುವಿನಿಂದಲೇ ಕೋಣನ ಕೊಂಬಿನ ವೇಷ ಬರುವುದನ್ನು ಕಂಡ ಮಗು ಅಜ್ಜನ ತೋಳನ್ನು ಹಿಡಿದುಕೊಳ್ಳುತ್ತದೆ. ಆ ಹಿಡಿತವನ್ನು ಇಬ್ಬರೂ ಮರೆಯುವುದಿಲ್ಲ. ಈಚಿನ ವರ್ಷಗಳಲ್ಲಿ ಅನೇಕ ಮೇಳಗಳು ಬೆಳಗಿನವರೆಗೆ ಆಡದೆ ನಡುರಾತ್ರಿಯ ಸುಮಾರಿಗೆ ಮುಗಿಸುವ ಪದ್ಧತಿಯನ್ನು ಅನುಸರಿಸುತ್ತಿವೆ. ನಮ್ಮಂಥ ವಯಸ್ಸಾದವರಿಗೆ ಇದರಿಂದ ಕೊಂಚ ವ್ಯಥೆ. ಮರುದಿನ ಕಚೇರಿಗೆ ಹೋಗಬೇಕಾದವರಿಗೆ ಅನುಕೂಲ.

ಈಗ ಒಂದು ಆಕ್ಷೇಪಣೆಯನ್ನು ಎದುರಿಸಬೇಕಾಗಿದೆ. "ನೀವು ಹೇಳುವ ಅಂಗಳವೆಲ್ಲಿದೆ? ಮಂಗಳೂರು ಮಹಡಿಮನೆಗಳ ಊರಾಯಿತು. ತಂದೆತಾಯಿಗಳಿಬ್ಬರೂ ದುಡಿಯುತ್ತಾರೆ. ಮಕ್ಕಳನ್ನು ಬೇಸಗೆ ಶಿಬಿರಕ್ಕೆ ಕಳುಹಿಸದೆ ಗತಿಯಿಲ್ಲ," ಎಂದು ಕೇಳುವವರಿದ್ದಾರೆ. ಒಪ್ಪುತ್ತೇವೆ. ಶಿಬಿರಗಳಲ್ಲಿ ದೋಷವಿಲ್ಲ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳನ್ನು ಆಟ, ಚಿತ್ರ, ನಾಟಕಗಳ ಮೂಲಕ ಬೆಳೆಸುವ ಪ್ರಯೋಗಗಳನ್ನು ನಡೆಸಿದುದು ನಮ್ಮ ಜಿಲ್ಲೆಗೆ ಹೆಮ್ಮೆಯ ಸಂಗತಿ. ನಾವು ಕೇಳಿಕೊಳ್ಳುವುದು ಇಷ್ಟೇ: ಮಗುವಿಗೆ ಮನರಂಜನೆಯನ್ನು ಕೊಡಿಸಿದ ಮಾತ್ರಕ್ಕೆ ಬೇಸಗೆಯನ್ನು ಕೊಟ್ಟಂತಾಗಲಿಲ್ಲ. ಮನೆಯ ಯಾವುದಾದರೂ ಒಂದು ನಿಜವಾದ ಕೆಲಸದಲ್ಲಿ, ತಾನಿಲ್ಲದೆ ಅದು ನಡೆಯದೆಂಬಂಥ ಕೆಲಸದಲ್ಲಿ, ಅದಕ್ಕೊಂದು ಪಾಲು ಕೊಡಬೇಕು.

ನಾವೂ ಈಗ ನಾಲ್ಕನೆಯ ಮಹಡಿಯಲ್ಲಿಯೇ ಇದ್ದೇವೆ. ಕಳೆದ ಬೇಸಗೆಯಲ್ಲಿ ಪೇಟೆಯಿಂದ ಎರಡು ಹಲಸಿನಕಾಯಿ ತಂದು, ಮೊಮ್ಮಗನನ್ನು ಕೂರಿಸಿಕೊಂಡು ಹಪ್ಪಳ ಒತ್ತಿ, ತಾರಸಿಯ ಮೇಲೆ ಚಾಪೆ ಹಾಸಿದೆವು. ಕೋಲು ಅವನ ಕೈಗೆ ಬಂದಿತು. ಒಣಗಿದ ಹಪ್ಪಳವನ್ನು ಡಬ್ಬಿಗೆ ತುಂಬುತ್ತಿದ್ದಾಗ, "ಅಜ್ಜ, ಇದನ್ನು ಇವತ್ತೇ ಏಕೆ ತಿನ್ನಬಾರದು?" ಎಂದು ಕೇಳಿದನು. "ಮಳೆಗೆ," ಎಂದೆವು. ಅವನಿಗೆ ಒಪ್ಪಿಗೆಯಾಗಲಿಲ್ಲ.

ಮೇ ತಿಂಗಳ 24ರ ಸುಮಾರಿಗೆ ಪತ್ತನಾಜೆ, ಎಂದರೆ ಬೇಸ ತಿಂಗಳ ಹತ್ತನೆಯ ದಿನ, ಬರುತ್ತದೆ. ಅಂದು ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ, ಜಾತ್ರೆಗಳು ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದ ದೋಣಿಗಳಿಗೆ ಕಡಲಿನಲ್ಲಿ ಮೀನು ಹಿಡಿಯುವ ಅಪ್ಪಣೆಯಿಲ್ಲ. ಊರು ಬಾಗಿಲು ಹಾಕಿಕೊಂಡು ಮಳೆಗೆ ಕಾಯುತ್ತದೆ. ಜುಲೈ ತಿಂಗಳಲ್ಲಿ ಒಮ್ಮೆ ನಾಲ್ಕು ದಿನ ಬಿಡದೆ ಸುರಿದು, ಶಾಲೆಗೂ ರಜೆಯಾಗಿ, ದೀಪವೂ ಆರಿದ ಒಂದು ಸಂಜೆ ಮೊಮ್ಮಗನು ತಾನಾಗಿಯೇ ಡಬ್ಬಿಯನ್ನು ಎತ್ತಿಕೊಂಡು ಬಂದು ಅಜ್ಜಿಯ ಮುಂದಿಟ್ಟನು. ಹಪ್ಪಳಗಳನ್ನು ಎಣಿಸಿ, ಮನೆಮಂದಿಗೆಲ್ಲ ಸಮನಾಗಿ ಹಂಚಿದವನೂ ಅವನೇ.