ಹದಿನಾಲ್ಕು ಆಣೆಯ ಲೆಕ್ಕ

(ಸೇಡಂನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತುಗಳು)



ನಮಗೆ ಭಾಷಣ ಮಾಡಿ ರೂಢಿ ಇಲ್ಲ. ಪದ್ಯ ಓದ್ರಿ ಅಂದಿದ್ದರೆ ಎರಡು ಪದ್ಯ ಓದಿ ಕೂತುಬಿಡುತ್ತಿದ್ದೆವು. ಆದರೆ ಈ ಸಲ ಪದ್ಯ ಬೇಡ, ಒಂದು ಲೆಕ್ಕ ಹೇಳೋಣ ಅಂತ ಬಂದಿದ್ದೇವೆ. ಬಿ.ಎ. ಓದಿದವರು ಲೆಕ್ಕ ಹೇಳ್ತಾರಂತ ನಗಬ್ಯಾಡ್ರಿ. ಕೂಡೋದು, ಭಾಗಿಸೋದು, ಇಷ್ಟೇ ಅದ.

ಮೊದಲು ಒಂದು ಸಂಗತಿ. ನಾವು ಹಾಸ್ಟೆಲಿನಲ್ಲಿದ್ದಾಗ ಒಂದು ಭಾನುವಾರ ಜೊತೆಗಾರನೊಬ್ಬನ ಅಪ್ಪ ಬಂದರು. ಶಹಾಬಾದ್ ಕಡೆ ಪರಸಿ ಕಲ್ಲಿನ ಖಣಿಯಲ್ಲಿ ದುಡಿಯೋರು. ನಾವೆಲ್ಲ ಅವರಿಗೆ ಕಾಕಾ ಅಂತಿದ್ದೆವು. ಕೈಯಲ್ಲಿ ಬುತ್ತಿಗಂಟು, ಅದರಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಬಾಯಲ್ಲಿ ಸಾರಾಯಿ ವಾಸನೆ. ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ. ಗೇಟಿನ ಹತ್ತಿರ ನಿಂತು ಮಗನ ಹೆಸರು ಹಿಡಿದು ಕೂಗಿದರು. ಹೊಸದಾಗಿ ಸೇರಿದ ಹುಡುಗ ಒಬ್ಬ ಕೇಳಿದ: ‘ಯಾರೋ ಅಂವ?’ ಮಗ ಹೇಳಿದ: ‘ನಮ್ಮೂರಾಂವ.’

ಅಷ್ಟೇ. ಅಪ್ಪ ಅನ್ನಲಿಲ್ಲ. ಆ ರೊಟ್ಟಿಯನ್ನು ರಾತ್ರಿ ಎಲ್ಲರೂ ಹಂಚಿಕೊಂಡು ತಿಂದೆವು, ಮಗನೂ ತಿಂದ. ಯಾರೂ ಮಾತಾಡಲಿಲ್ಲ.

ಆ ಗೆಳೆಯನನ್ನು ಬೈಯಲಿಕ್ಕೆ ಇದನ್ನು ಹೇಳುತ್ತಿಲ್ಲ. ಅವನ ಜಾಗದಲ್ಲಿ ನಾವಿದ್ದರೂ ಅದನ್ನೇ ಹೇಳುತ್ತಿದ್ದೆವೋ ಏನೋ. ‘ಈ ಜನ ಕುಡಿದೇ ಹಾಳಾದರು’ ಅನ್ನೋ ಮಾತನ್ನು ಊರೊಳಗಿನ ಜಾತಿವಂತರು ಹೇಳಿ ಹೇಳಿ, ಕೇರಿಯೊಳಗಿನ ನಾವೂ ನಂಬಿಬಿಟ್ಟಿದ್ದೇವೆ. ಕುಡಿತ ಅನ್ನೋದು ನಮ್ಮ ಹುಟ್ಟಿನೊಳಗೇ ಬಂದದ್ದು ಅನ್ನುವ ಹಾಗೆ. ಆದರೆ ಆ ಕುಡಿತದ ಹಿಂದೆ ಕಾನೂನು ಅದ, ಆ ಕಾನೂನಿಗೆ ಇಸವಿ ಅದ, ಖಜಾನೆ ಅದ. ಅದನ್ನು ನೋಡೋಣ.

ಬ್ರಿಟಿಷರ ಕರದ ಕಾನೂನು ಅಂದ ಕೂಡಲೆ ನಮಗೆಲ್ಲ ನೆನಪಾಗೋದು ಉಪ್ಪು. ಪಾಠದ ಪುಸ್ತಕದೊಳಗೆ ಅದ. 1882ರ ಉಪ್ಪಿನ ಕಾಯಿದೆ, 1930ರ ಏಪ್ರಿಲ್ 6ಕ್ಕೆ ದಂಡಿ, ಅದಾಗಿ ಒಂದು ವಾರಕ್ಕೆ ಏಪ್ರಿಲ್ 13ರಂದು ನಮ್ಮ ಕರ್ನಾಟಕದ ಅಂಕೋಲೆ. ಇದನ್ನು ಪರೀಕ್ಷೆಗೆ ಬರೆದು ಅಂಕ ತಗೊಂಡಿದ್ದೇವೆ. ಪುಸ್ತಕದೊಳಗೆ ಇಲ್ಲದ ಎರಡು ಮಾತು ಹೇಳ್ತೀವಿ. ಉಪ್ಪಿನ ಕರ ತಪ್ಪಿಸಬಾರದು ಅಂತ ಬ್ರಿಟಿಷರು ಉತ್ತರ ಹಿಂದೂಸ್ತಾನದ ನಡುವೆ ಒಂದು ಸುಂಕದ ಗಡಿ ಎಳೆದಿದ್ದರು. ಕೆಲವು ಕಡೆ ಮುಳ್ಳುಬೇಲಿ, ಕೆಲವು ಕಡೆ ಕಲ್ಲುಗೋಡೆ. 1869ರ ಸುಮಾರಿಗೆ ಅದು 2,300 ಮೈಲಿ ಉದ್ದ ಇತ್ತು, 12,000 ಜನ ಕಾವಲಿಗೆ ಇದ್ದರು. 1879ರಲ್ಲಿ ಅದನ್ನು ತೆಗೆದರು. ಕರ ಮಾತ್ರ ಉಳಿಯಿತು.

ಎರಡನೆಯದು ಚಿಂಚೋಳಿಯಿಂದ ಬಂದ ಗೆಳೆಯರಿಗೆ. ಉಪ್ಪು, ಧಾನ್ಯವನ್ನು ಹೇರೆತ್ತಿನ ಮೇಲೆ ಹೊತ್ತು ದೇಶ ಸುತ್ತುತ್ತಿದ್ದವರು ಲಂಬಾಣಿಗಳು. ಲವಣ ಅನ್ನೋದರಿಂದಲೇ ಆ ಹೆಸರು ಬಂತು ಅನ್ನುವವರೂ ಇದ್ದಾರೆ. ಉಪ್ಪು ಸರ್ಕಾರದ್ದಾಯಿತು. ಆಮೇಲೆ ರೈಲು ಬಂತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ, ಇದೇ ಚಿತ್ತಾಪುರ, ಸೇಡಂ ಮೇಲೆ ನಿಜಾಮರ ರೈಲು ಓಡಿತು. ಹೇರೆತ್ತಿನವರ ಕೆಲಸ ಹೋಯಿತು. 1871ರಲ್ಲಿ ಬ್ರಿಟಿಷರು ಹುಟ್ಟಿನಿಂದಲೇ ಅಪರಾಧಿಗಳು ಅಂತ ಜಾತಿಗಳ ಪಟ್ಟಿ ಮಾಡುವ ಕಾಯಿದೆ ತಂದಿದ್ದರು. ಅದು ಮುಂದೆ ಬೇರೆ ಬೇರೆ ಪ್ರಾಂತಗಳಿಗೆ ಹರಡಿದಂತೆ ಎಷ್ಟೋ ಕಡೆ ಲಂಬಾಣಿಗಳ ಹೆಸರೂ ಆ ಪಟ್ಟಿಗೆ ಬಿತ್ತು. ವ್ಯಾಪಾರ ಕಸಿದುಕೊಂಡು ಕಳ್ಳ ಅಂತ ಹೆಸರಿಡೋದು! 1952ರಲ್ಲಿ ಆ ಕಾಯಿದೆ ರದ್ದಾಯಿತು. ಹೆಸರು ಇನ್ನೂ ಪೂರ್ತಿ ಅಳಿಸಿಲ್ಲ ಅನ್ನೋದು ತಾಂಡಾದವರಿಗೆ ನಾವು ಹೇಳಬೇಕಿಲ್ಲ.

ಉಪ್ಪಿನ ಕರ 1947ರಲ್ಲಿ ಹೋಯಿತು. ಹೋಗದೆ ಉಳಿದದ್ದು ಅಬಕಾರಿ.

ಆಬ್ ಅಂದರೆ ನೀರು, ಕಾರ್ ಅಂದರೆ ಕೆಲಸ, ಪಾರ್ಸಿ ಮಾತು. ನೀರಿನ ಕೆಲಸ! ಹೆಂಡಕ್ಕೆ ಎಷ್ಟು ತಣ್ಣಗಿನ ಹೆಸರು ನೋಡ್ರಿ. ಮೊದಲು ಈಚಲ ಮರದಿಂದ ಸೇಂದಿ ಇಳಿಸೋದು, ಇಪ್ಪೆ ಹೂವು ಕೊಳೆಹಾಕಿ ಭಟ್ಟಿ ಇಳಿಸೋದು ಮನೆಯ, ಊರಿನ ಕೆಲಸವಾಗಿತ್ತು. ಅದಕ್ಕೂ ಆಗಿನ ದೊರೆಗಳು ಏನೋ ಒಂದಿಷ್ಟು ವಸೂಲಿ ಮಾಡುತ್ತಿದ್ದರು, ಇಲ್ಲ ಅನ್ನೋದಿಲ್ಲ. ಆದರೆ 1878ರ ಮುಂಬಯಿ ಅಬಕಾರಿ ಕಾಯಿದೆ, 1886ರ ಮದರಾಸು ಅಬಕಾರಿ ಕಾಯಿದೆ ಬಂದ ಮೇಲೆ ಆಟವೇ ಬೇರೆಯಾಯಿತು. ಇಳಿಸಲಿಕ್ಕೆ ಲೈಸೆನ್ಸ್, ಇಟ್ಟುಕೊಳ್ಳಲಿಕ್ಕೆ ಮಿತಿ, ಸಾಗಿಸಲಿಕ್ಕೆ ಪಾಸ್, ಮಾರಲಿಕ್ಕೆ ಹರಾಜು. ಮರ ನಿಮ್ಮ ಹೊಲದ ಬದುವಿನ ಮೇಲೇ ಇರಲಿ, ಅದನ್ನು ಕೆತ್ತಬೇಕಾದರೆ ಮರಕ್ಕೆ ಇಷ್ಟು ಅಂತ ಕರ ಕಟ್ಟಬೇಕು. ಭಟ್ಟಿ ಅನ್ನೋ ಮಾತು ಮೊದಲಿಂದಲೂ ಇತ್ತು. ಅದರ ಹಿಂದೆ ‘ಕಳ್ಳ’ ಅಂತ ಸೇರಿಸಿ ಕಳ್ಳಭಟ್ಟಿ ಮಾಡಿದ್ದು ಕಾನೂನು. ಪದ್ಯ ಬರೆಯೋರಿಗೆ ಇಂಥ ಮಾತು ಸಿಕ್ಕರೆ ನಿದ್ದೆ ಬರೋದಿಲ್ಲ.

ನಾವಿದ್ದದ್ದು ನಿಜಾಮರ ಕೈಕೆಳಗೆ, ಬ್ರಿಟಿಷರ ಕಾನೂನು ನಮಗ್ಯಾಕೆ ಅಂತ ಕೇಳಬಹುದು. ನಿಜಾಮರೂ ಬಿಡಲಿಲ್ಲ. 1802ರಲ್ಲೇ ಕಂಪನಿ ಸರ್ಕಾರ ನಿಜಾಮರ ಜೊತೆ ವ್ಯಾಪಾರದ ಒಪ್ಪಂದ ಮಾಡಿಕೊಂಡು, ಒಳಗೆ ಬರುವ ಸರಕಿಗೆ ನೂರಕ್ಕೆ 5ರ ಸುಂಕ ಅಂತ ಗೊತ್ತು ಮಾಡಿತ್ತು. ಅದನ್ನು ವಸೂಲಿ ಮಾಡುವ ಖಾತೆಯೇ ಕರೋಡಗಿರಿ. ಮುದುಕರನ್ನು ಕೇಳಿದರೆ ಕರೋಡಗಿರಿ ನಾಕಾ ಅನ್ನೋ ಮಾತು ಇನ್ನೂ ಬಾಯಲ್ಲಿ ಬರಬಹುದು. ಅಬಕಾರಿಗೆ 1316 ಫಸಲಿಯಲ್ಲಿ ಹೈದರಾಬಾದ್ ಅಬಕಾರಿ ಕಾಯಿದೆ ಬಂತು. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ, ಅಂದರೆ 1906-07. ಹೆಸರು ಫಸಲಿ, ನಡೆ ಬ್ರಿಟಿಷರದ್ದು. ಮರಕ್ಕೆ ಕರ, ಅಂಗಡಿಗೆ ಹರಾಜು, ಹೆಚ್ಚು ಕೂಗಿದವನಿಗೆ ಗುತ್ತೆ.

ಈ ಹರಾಜಿನ ಗುಣ ಸ್ವಲ್ಪ ತಿಳಕೋಬೇಕು. ಗುತ್ತೆ ಹಿಡಿದವನು ಕೂಗಿದ ಹಣವನ್ನು ವರ್ಷದೊಳಗೆ ಎತ್ತಬೇಕು. ಕುಡಿಯೋರು ಕಡಿಮೆಯಾದರೆ ಅವನು ಮುಳುಗಿದ. ಅದಕ್ಕೆ ಅಂಗಡಿ ಎಲ್ಲಿ ಬೇಕು? ಕೇರಿಯ ಬಾಯಿಗೆ, ಖಣಿಯ ದಾರಿಗೆ, ಸಂತೆಯ ಮಗ್ಗುಲಿಗೆ. ರೊಕ್ಕ ಇಲ್ಲದಿದ್ದರೆ ಉದ್ರಿ ಕೊಡಬೇಕು. ಪಗಾರದ ದಿನ ಉದ್ರಿ ಮುರಕೊಳ್ಳಬೇಕು. ಇತ್ತ ಸರ್ಕಾರಕ್ಕೆ ಮುಂದಿನ ವರ್ಷದ ಹರಾಜು ಏರಬೇಕು. ಮರ ಹತ್ತಿ ಸೇಂದಿ ಇಳಿಸುವ ಬಡವನ ಮೇಲೆ ನಮ್ಮ ಸಿಟ್ಟಿಲ್ಲ, ಅವನೂ ಜೀವದ ಮೇಲೆ ಹಗ್ಗ ಕಟ್ಟಿಕೊಂಡು ದುಡಿಯೋನು. ಮರ ಹತ್ತುವವನು ಬೇರೆ, ಗುತ್ತೆ ಹಿಡಿಯುವವನು ಬೇರೆ. ಜ್ಯೋತಿಬಾ ಫುಲೆ ಪುಣೆ ಮುನಿಸಿಪಾಲಿಟಿಯ ಸದಸ್ಯರಾಗಿದ್ದಾಗ, 1880ರಲ್ಲೇ, ಊರೊಳಗೆ ಹೊಸ ಹೆಂಡದಂಗಡಿ ತೆರೆಯೋದನ್ನು ವಿರೋಧಿಸಿ ಕಾಗದ ಬರೆದಿದ್ದರು.

ಈಗ ನಮ್ಮ ಲೆಕ್ಕಕ್ಕೆ ಬರೋಣ. 1919ರ ಸುಧಾರಣೆಯ ಕಾಯಿದೆಯಲ್ಲಿ ಬ್ರಿಟಿಷರು ಪ್ರಾಂತಗಳ ಕೆಲವು ಖಾತೆಗಳನ್ನು ಭಾರತೀಯ ಮಂತ್ರಿಗಳ ಕೈಗೆ ಕೊಟ್ಟರು. ಅದರಲ್ಲಿ ಶಿಕ್ಷಣ ಇತ್ತು. ಅಬಕಾರಿಯೂ ಇತ್ತು. ಸಾಲಿ ಕಟ್ಟಬೇಕಾದರೆ ರೊಕ್ಕ ಬೇಕು, ರೊಕ್ಕ ಬರೋದು ಹೆಂಡದಿಂದ. ಮಕ್ಕಳ ಓದನ್ನು ಹೆಂಡದ ದುಡ್ಡಿನಿಂದ ನಡೆಸೋದು ನಾಚಿಕೆಗೇಡು ಅಂತ ಗಾಂಧಿಯವರು ಮುಂದೆ ಬರೆದರು. ಅವರ ದಾರಿ ಅಂಗಡಿ ಮುಚ್ಚಿಸೋದು.

ಬಾಬಾಸಾಹೇಬರು ಬೇರೆ ಕಡೆಯಿಂದ ಹಿಡಿದರು. 1927ರ ಮಾರ್ಚ್ 12. ಮುಂಬಯಿ ಶಾಸನ ಸಭೆಗೆ ಹೊಸದಾಗಿ ನಾಮಕರಣಗೊಂಡ ಸದಸ್ಯರು. ಶಿಕ್ಷಣದ ಅನುದಾನದ ಮೇಲೆ ಎದ್ದು ನಿಂತರು. ಆ ಪ್ರಾಂತದಲ್ಲಿ ಆಗ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕನ್ನಡದ ಜನವೂ ಇದ್ದರು ಅನ್ನೋದು ನೆನಪಿರಲಿ. ಅವರು ಕೊಟ್ಟ ಲೆಕ್ಕ ಇದು: ಪ್ರಾಂತದಲ್ಲಿ ಶಿಕ್ಷಣಕ್ಕೆ ಒಬ್ಬರ ತಲೆಗೆ ಖರ್ಚಾಗೋದು 14 ಆಣೆ. ಅಬಕಾರಿಯಿಂದ ಒಬ್ಬರ ತಲೆಗೆ ಎತ್ತೋದು 2 ರೂಪಾಯಿಗೂ ಮೇಲೆ. ರೂಪಾಯಿಗೆ 16 ಆಣೆ. ಅಂದರೆ ಒಂದು ರೂಪಾಯಿಯೂ ತುಂಬದ ಸಾಲಿ, ಎರಡು ರೂಪಾಯಿ ದಾಟಿದ ಹೆಂಡ. ಜನರಿಂದ ಹೆಂಡದಲ್ಲಿ ಎಷ್ಟು ತಗೊಳ್ತೀರೋ ಕಡೇಪಕ್ಷ ಅಷ್ಟನ್ನಾದರೂ ಅವರ ಓದಿಗೆ ಹಾಕಿರಿ, ಇದು ನ್ಯಾಯ ಅಲ್ಲವೇ ಅಂತ ಕೇಳಿದರು. ಸಾಲಿಗೆ ಸೇರಿದ 100 ಮಕ್ಕಳಲ್ಲಿ ನಾಲ್ಕನೆಯ ಇಯತ್ತೆ ಮುಟ್ಟೋರು 18 ಮಾತ್ರ ಅಂತಲೂ ತೋರಿಸಿದರು. ಪ್ರಾಂತದ ಜನರನ್ನು ನಾಲ್ಕು ಗುಂಪು ಮಾಡಿ, ಸಂಖ್ಯೆಯಲ್ಲಿ ಎರಡನೆಯವರಾದ ಹಿಂದುಳಿದ ವರ್ಗದವರು ಓದಿನಲ್ಲಿ ಕಟ್ಟಕಡೆಗೆ ಯಾಕೆ ನಿಂತಿದ್ದಾರೆ ಅಂತ ಕೇಳಿದರು.

ಇದಾದ ಎಂಟು ದಿನಕ್ಕೆ, ಮಾರ್ಚ್ 20ಕ್ಕೆ, ಮಹಾಡದ ಕೆರೆಯ ನೀರು ಮುಟ್ಟಿದರು. ಕೆರೆಯ ದಿನವನ್ನು ನಾವು ಆಚರಿಸ್ತೀವಿ. ಈ ಲೆಕ್ಕದ ದಿನವನ್ನು ಮರೆತಿದ್ದೇವೆ. ಕುಡಿಯುವವನ ನಡತೆ ಎಂಥದ್ದು ಅಂತ ಕೇಳೋದಕ್ಕಿಂತ, ಅವನಿಂದ ಎತ್ತಿದ ರೊಕ್ಕ ಎಲ್ಲಿ ಹೋಯಿತು ಅಂತ ಕೇಳೋದು ನಮಗೆ ಹೆಚ್ಚು ಬೇಕಾದದ್ದು ಅಂತ ನಮ್ಮ ಅನಿಸಿಕೆ.

ಸ್ವಾತಂತ್ರ್ಯ ಬಂತು. ಸಂವಿಧಾನದ 47ನೆಯ ವಿಧಿ ಪಾನನಿರೋಧಕ್ಕೆ ಪ್ರಯತ್ನಿಸಬೇಕು ಅಂದಿತು. 1948ರ ನವೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆದಿವಾಸಿಗಳ ಪರವಾಗಿ ಜೈಪಾಲ್ ಸಿಂಗ್ ಅದಕ್ಕೆ ತಕರಾರು ತೆಗೆದರು, ಅಕ್ಕಿಯ ಹೆಂಡ ನಮ್ಮ ದೇವರ ಕಾರ್ಯದ್ದು ಅಂದರು. ಅವರ ಮಾತಿನಲ್ಲೂ ಸತ್ಯ ಅದ. ಕುಡಿತ ಬಿಡಿಸೋದು ಬೇರೆ, ಬಡವರ ಗುಡಿಸಲಿಗೆ ಪೊಲೀಸರನ್ನು ಬಿಡೋದು ಬೇರೆ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಈಚಲ ಮರ ಕಡಿಯುವ ಸತ್ಯಾಗ್ರಹ ಮಾಡಿದ ಎಸ್. ನಿಜಲಿಂಗಪ್ಪನವರೇ, 1967ರಲ್ಲಿ ಮೈಸೂರು ರಾಜ್ಯ ಪಾನನಿರೋಧ ಸಡಿಲಿಸಿದಾಗ ಮುಖ್ಯಮಂತ್ರಿ. ಖಜಾನೆಯ ಕುರ್ಚಿಯಲ್ಲಿ ಕೂತವರಿಗೆ ಈಚಲ ಮರ ಬೇರೆ ತರಹ ಕಾಣ್ತದ. ನಮ್ಮ ನಿಜಾಮರ ಕಾಯಿದೆಯ ಜಾಗಕ್ಕೆ 1965ರ ಅಬಕಾರಿ ಕಾಯಿದೆ ಬಂತು, ಹರಾಜು ನಡೆದೇ ಇತ್ತು. 2003ರಲ್ಲಿ ಮದ್ಯದ ಸಗಟು ವ್ಯಾಪಾರಕ್ಕೆ ಸರ್ಕಾರವೇ ನಿಗಮ ಕಟ್ಟಿತು. 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಪ್ಯಾಕೆಟ್ ಹೋಗಿ 90 ಎಂ.ಎಲ್. ಟೆಟ್ರಾ ಪ್ಯಾಕ್ ಬಂತು. ಕೇರಿಯ ಕುಡಿತ ನಿಂತಿತೇ, ನೀವೇ ಹೇಳ್ರಿ.

ಈಗಿನ ಲೆಕ್ಕ. 2025-26ರ ಕರ್ನಾಟಕದ ಬಜೆಟ್ಟಿನಲ್ಲಿ ಅಬಕಾರಿಯಿಂದ ಎತ್ತಬೇಕು ಅಂತ ಇಟ್ಟುಕೊಂಡದ್ದು 40,000 ಕೋಟಿ. ಶಿಕ್ಷಣಕ್ಕೆ ಇಟ್ಟದ್ದು 45,286 ಕೋಟಿ. 2011ರ ಜನಗಣತಿಯ 6 ಕೋಟಿ 11 ಲಕ್ಷ ಜನಕ್ಕೆ ಭಾಗಿಸಿದರೆ ಹೆಂಡ ತಲೆಗೆ ಸುಮಾರು 6,500 ರೂಪಾಯಿ, ಓದು ತಲೆಗೆ ಸುಮಾರು 7,400. ಬಾಬಾಸಾಹೇಬರು ಕೇಳಿದ್ದು ಆಯಿತಲ್ಲ ಅಂತ ಯಾರಾದರೂ ಅಂದರೆ, ಇಡೀ ರಾಜ್ಯದ ಮೇಲೆ ಹೌದು, ಕೂದಲೆಳೆಯಲ್ಲಿ ಆಯಿತು ಅಂತ ನಾವು ಒಪ್ಪಿಕೊಳ್ಳಬೇಕು. ಸುಳ್ಳು ಹೇಳಿ ಚಳವಳಿ ಕಟ್ಟಬಾರದು. ಆದರೆ ತಲೆಗೆ ಅಂದಾಗ ಯಾರ ತಲೆ? ಖಣಿಯಲ್ಲಿ ಕಲ್ಲು ಎಬ್ಬಿಸೋರ ಕೇರಿಯಿಂದ ಎಷ್ಟು ಹೋಯಿತು, ಆ ಕೇರಿಯ ಸಾಲಿಗೆ ಎಷ್ಟು ಬಂತು? 2024ರ ಆಗಸ್ಟಿನಲ್ಲಿ, ನೆರೆ ರಾಜ್ಯದ ಬೆಲೆಗೆ ಸರಿಮಾಡಬೇಕು ಅಂತ ದುಬಾರಿ ಮದ್ಯದ ಸುಂಕ ಇಳಿಸಿದರು. ಕಾಕಾ ಕುಡಿಯೋದು ದುಬಾರಿ ಮದ್ಯ ಅಲ್ಲ.

ಪಕ್ಕದ ಆಂಧ್ರದಲ್ಲಿ ಒಮ್ಮೆ ಹೆಂಗಸರು ಈ ಲೆಕ್ಕ ಕೇಳಿದ್ದರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ ರಾತ್ರಿ ಸಾಲಿಯಲ್ಲಿ ಅಕ್ಷರ ಕಲಿಯುತ್ತಿದ್ದ ಕೂಲಿ ಹೆಂಗಸರು, ಪಾಠದ ಪುಸ್ತಕದಲ್ಲಿ ಸಾರಾಯಿಯ ಕಥೆ ಓದಿ ಎದ್ದು ಹೋಗಿ ಅಂಗಡಿ ಮುಚ್ಚಿಸಿದರು. 1993ರ ಅಕ್ಟೋಬರಿನಲ್ಲಿ ಆ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. ನಮ್ಮ ಗಡಿ ದಾಟಿದರೆ ತೆಲುಗು, ಆದರೆ ಆ ಸುದ್ದಿಯನ್ನು ನಾವು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಆ ಜೊತೆಗಾರನ ಮಾತು ಹೇಳಿ ಮುಗಿಸ್ತೀವಿ. ಈ ಲೆಕ್ಕವನ್ನು ಅವನಿಗೂ ಓದಿ ಹೇಳಿದ್ದೆವು. ಹೋದ ಸಲ ಊರಿಗೆ ಹೋದಾಗ ಅಪ್ಪನ ಮುಂದೆ ನೋಟ್‌ಬುಕ್ ಹಿಡಿದು ಕೂತು, ವಾರಕ್ಕೆ ಎಷ್ಟು ಹೋಗ್ತದಪ್ಪಾ ಅಂತ ಕೇಳಿದನಂತೆ. ಕಾಕಾ ಮೊದಲು ಸಣ್ಣ ಅಂಕಿ ಹೇಳಿದರು. ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದ ಅವ್ವ ಅಲ್ಲಿಂದಲೇ ಖರೇ ಅಂಕಿ ಹೇಳಿದಳು. ಕಾಕಾ ಬೈಯಲಿಲ್ಲ, ಸುಮ್ಮನಾದರು. ಆಮೇಲೆ ‘ಅದರಾಗ ಸರ್ಕಾರದ್ದೆಷ್ಟು?’ ಅಂತ ಕೇಳಿದರಂತೆ. ಮಗನಿಗೆ ಹೇಳಲಿಕ್ಕೆ ಬರಲಿಲ್ಲ.

ಅದಕ್ಕೇ ನಿಮ್ಮ ಮುಂದೆ ಈ ಕೆಲಸ. ರಜೆಗೆ ಹೋದಾಗ ಪ್ರತಿಯೊಬ್ಬರೂ ನಿಮ್ಮ ಊರಿನ ಮೂರು ಅಂಕಿ ತರಬೇಕು: ಮದ್ಯ ಮಾರೋ ಜಾಗ ಎಷ್ಟು, ಸಾಲಿಯಲ್ಲಿ ಖಾಯಂ ಮೇಷ್ಟ್ರು ಎಷ್ಟು, ಒಂದನೆಯ ಇಯತ್ತೆಗೆ ಸೇರಿದ ಕೇರಿಯ ಮಕ್ಕಳಲ್ಲಿ ಹತ್ತನೆಯದು ಮುಟ್ಟಿದವರು ಎಷ್ಟು. ವಾಡಿ, ಶಹಾಬಾದ್ ಗೆಳೆಯರು ಖಣಿ, ಕಾರ್ಖಾನೆ ಕಡೆಯ ಕಾಲೋನಿಗಳನ್ನೂ ಬಿಡಬಾರದು. ಹೆಸರು ಬರೆಯೋದು ಬೇಡ, ಯಾರ ಮನೆಯದೂ ಮರ್ಯಾದೆ ಹೋಗಬಾರದು. ಅವ್ವಂದಿರನ್ನು ಕೇಳ್ರಿ, ಅಂಕಿ ಅವರ ಹತ್ತಿರ ಇರ್ತದ. ಮುಂದಿನ ಕೂಟಕ್ಕೆ ಚೀಟಿ ತಂದು ಕೊಟ್ಟರೆ ತಾಲ್ಲೂಕುವಾರು ಕೂಡಿಸಿ ಈ ಪತ್ರಿಕೆಯಲ್ಲೇ ಕಲ್ಲಚ್ಚು ಮಾಡಿಸ್ತೀವಿ. ಚಿಂಚೋಳಿ ಕಡೆಯವರು ಕೊನೆಯ ಬಸ್ಸಿನ ಹೊತ್ತು ನೋಡಿಕೊಂಡು ಬರಬೇಕು.

ಜೈ ಭೀಮ್.